ಕೋವಿಗೆ ಸಾಕ್ಷಿ ಹೇಳುವವರು

ನನ್ನ ಮನೆಯಲ್ಲಿ ಒಂದು ಕೋವಿ ಇದೆ. ಅಪ್ಪನ ಕಾಲದ ಹನ್ನೆರಡು ಬೋರಿನ ಒಂಟಿ ನಳಿಗೆ. ಅದನ್ನು ತುಂಬುವ ಬಗೆ ಇಲ್ಲಿ ಕುಳಿತಿರುವ ತೋಟದವರಿಗೆಲ್ಲ ಗೊತ್ತು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೇಲಿನ ಕೀಲನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ನಳಿಗೆ ನಡು ಮುರಿದಂತೆ ಬಾಗುತ್ತದೆ. ಹಳೆಯ ತೋಟಾದ ಚಿಪ್ಪು ಅರ್ಧ ಹೊರಗೆ ಬರುತ್ತದೆ. ಅದನ್ನು ಉಗುರಿನಿಂದ ಎಳೆದು ತೆಗೆದು, ಜೇಬಿನಲ್ಲಿ ತಡಕಾಡಿ ಹೊಸದನ್ನು ಹುಡುಕಿ, ಒಳಗೆ ತಳ್ಳಿ, ನಳಿಗೆಯನ್ನು ಎತ್ತಿ ಮುಚ್ಚಬೇಕು. ಆಮೇಲೆ ಇನ್ನೊಂದು ಈಡು. ಹಗಲಿನಲ್ಲಿ ನನಗೆ ಎಂಟು ಹತ್ತು ಸೆಕೆಂಡು ಬೇಕು. ಕತ್ತಲಲ್ಲಿ, ಗದ್ದೆಯ ಬದುವಿನ ಮೇಲೆ ನಿಂತು, ಹಂದಿಯ ಹಿಂಡು ಪೈರಿನೊಳಗೆ ನುಗ್ಗುವ ಸದ್ದು ಕೇಳುತ್ತಿರುವಾಗ ಇನ್ನೂ ಹೆಚ್ಚು. ಈ ಎಂಟು ಹತ್ತು ಸೆಕೆಂಡು ನಿಮ್ಮ ನೆನಪಿನಲ್ಲಿರಲಿ. ನಾನು ಮತ್ತೆ ಅಲ್ಲಿಗೇ ಬರುತ್ತೇನೆ.

ಕೋವಿ ಕಾನೂನಿನ ಬಗ್ಗೆ ಮಾತು ಎಂದೊಡನೆ ನಿಮ್ಮಲ್ಲಿ ಅನೇಕರು ಅಮೆರಿಕವನ್ನು ನಿರೀಕ್ಷಿಸಿರಬಹುದು. ಅಲ್ಲಿ ಶಸ್ತ್ರ ಹೊಂದುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು. ನಮಗೆ ಆ ಹಕ್ಕಿಲ್ಲ, ಹಾಗಾಗಿ ಆ ಜಗಳವೂ ನಮ್ಮದಲ್ಲ. ನಾನು ನ್ಯೂಜಿಲೆಂಡ್ ಬಗ್ಗೆ ಹೇಳಲು ಬಂದಿದ್ದೇನೆ. ಅಲ್ಲಿ ಕೋವಿ ಇಟ್ಟುಕೊಂಡವರಲ್ಲಿ ಬಹಳ ಮಂದಿ ನಮ್ಮಂಥವರೇ: ಹಸು ಸಾಕುವವರು, ಕುರಿ ಸಾಕುವವರು, ಹಣ್ಣಿನ ತೋಟದವರು. ಆ ದ್ವೀಪಗಳ ಕಾಡಿನಲ್ಲಿ ಮೂಲತಃ ಬಾವಲಿ ಬಿಟ್ಟರೆ ನೆಲದ ಸಸ್ತನಿಗಳೇ ಇರಲಿಲ್ಲ. ಮೊಲ, ಜಿಂಕೆ, ಆಡು, ಹಂದಿ, ಪಾಸಮ್ ಎಲ್ಲವೂ ಮನುಷ್ಯರು ಹೊರಗಿನಿಂದ ತಂದು ಬಿಟ್ಟವು. ಬಿಟ್ಟವು ಬೆಳೆದವು, ಹುಲ್ಲುಗಾವಲನ್ನು ಬೋಳು ಮಾಡಿದವು. ಅಲ್ಲಿನ ರೈತನಿಗೆ ಕೋವಿ ಎಂದರೆ ಗುದ್ದಲಿ, ಕತ್ತಿಯ ಸಾಲಿನಲ್ಲಿ ನಿಲ್ಲುವ ಇನ್ನೊಂದು ಸಾಮಾನು.

2019ರ ಮಾರ್ಚ್ 15, ಶುಕ್ರವಾರ. ಕ್ರೈಸ್ಟ್‌ಚರ್ಚ್ ನಗರದ ಅಲ್ ನೂರ್ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ಸೇರಿದ್ದರು. ಒಬ್ಬನು ಒಳಗೆ ನುಗ್ಗಿ ಗುಂಡು ಹಾರಿಸಿದ. ಅಲ್ಲಿಂದ ಲಿನ್‌ವುಡ್ ಮಸೀದಿಗೆ ಹೋದ. ಒಟ್ಟು 51 ಜನ ಸತ್ತರು. ಅವರಲ್ಲಿ ನಮ್ಮ ದೇಶದಿಂದ ಹೋದವರೂ ಇದ್ದರು. ಕೊಂದವನ ಹೆಸರನ್ನು ತಾನು ಎಂದೂ ಉಚ್ಚರಿಸುವುದಿಲ್ಲ ಎಂದು ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದರು. ನಾನೂ ಹೇಳುವುದಿಲ್ಲ.

ಆರು ದಿನ ಕಳೆಯುವುದರೊಳಗೆ, ಮಾರ್ಚ್ 21ರಂದು, ಸೇನೆಯ ಬಗೆಯ ಅರೆ ಸ್ವಯಂಚಾಲಿತ ಕೋವಿಗಳಿಗೆ ನಿಷೇಧ ಘೋಷಣೆಯಾಯಿತು. ಏಪ್ರಿಲ್ 10ರಂದು ಮಸೂದೆ 119 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು ಒಂದೇ ಮತ. ಹೊರಗಿನಿಂದ ನೋಡಿದವರಿಗೆ ಇಡೀ ದೇಶ ಒಂದೇ ದನಿಯಲ್ಲಿ ಮಾತಾಡಿದಂತೆ ಕಂಡಿತು. ಹಾಗಿರಲಿಲ್ಲ. ಕೋವಿ ಇದ್ದವರ ಮನೆಗಳಲ್ಲಿ, ಅವರ ಕ್ಲಬ್ಬುಗಳಲ್ಲಿ, ಸಂಘಗಳಲ್ಲಿ ಆ ದಿನಗಳಲ್ಲಿ ನಡೆದ ವಾದ ಬಹಳ ಕಠಿಣವಾದದ್ದು. ಆ ವಾದದ ಸಲುವಾಗಿಯೇ ನಾನು ಇಂದು ನಿಮ್ಮ ಮುಂದೆ ನಿಂತಿರುವುದು.

ಅದಕ್ಕೆ ಮೊದಲು ಕಾನೂನು ಹೇಗಿತ್ತು ಎನ್ನುವುದನ್ನು ಹೇಳಬೇಕು. 1983ರ ಶಸ್ತ್ರ ಕಾಯ್ದೆಯಲ್ಲಿ ನ್ಯೂಜಿಲೆಂಡ್ ಒಂದು ದೊಡ್ಡ ತಿರುವು ತೆಗೆದುಕೊಂಡಿತು. ಅದುವರೆಗೆ ಪ್ರತಿ ರೈಫಲ್ಲಿನ ಲೆಕ್ಕ ಪೊಲೀಸರ ಕಾಗದಗಳಲ್ಲಿ ಇರಬೇಕಾಗಿತ್ತು. ಆ ಕಾಗದಗಳು ನಂಬಲಾರದಷ್ಟು ಹಳಸಿದ್ದವು. ಆದ್ದರಿಂದ ಕೋವಿಯನ್ನು ಎಣಿಸುವುದು ಬೇಡ, ಮನುಷ್ಯನನ್ನು ಪರೀಕ್ಷಿಸೋಣ ಎಂದು ತೀರ್ಮಾನಿಸಿದರು. ಯೋಗ್ಯನೆಂದು ಕಂಡವನಿಗೆ ಪರವಾನಗಿ. ಅವನ ಕಪಾಟಿನಲ್ಲಿ ಎಷ್ಟು ಕೋವಿ ಇವೆ ಎಂದು ಯಾರೂ ಬರೆದಿಡಬೇಕಾಗಿಲ್ಲ. 1990ರಲ್ಲಿ ಅರಾಮೊವಾನಾ ಎಂಬ ಕಡಲ ತೀರದ ಊರಿನಲ್ಲಿ ಒಬ್ಬನ ಗುಂಡಿಗೆ 13 ಜನ ಬಲಿಯಾದರು. 1992ರ ತಿದ್ದುಪಡಿಯಲ್ಲಿ ಸೇನೆಯ ಬಗೆಯ ಅರೆ ಸ್ವಯಂಚಾಲಿತ ಕೋವಿಗಳಿಗೆಂದು 'ಇ' ವರ್ಗ ಎಂಬ ಬಿಗಿಯಾದ ಪ್ರತ್ಯೇಕ ಅನುಮತಿ ಬಂತು. ಆದರೆ ಒಂದು ಕಿಂಡಿ ಉಳಿಯಿತು. ಅದೇ ಕೋವಿಗೆ ಏಳು ಗುಂಡಿನ ಸಣ್ಣ ಮ್ಯಾಗಜಿನ್, ಅಂದರೆ ಗುಂಡು ತುಂಬಿಡುವ ಡಬ್ಬಿ, ಹಾಕಿ ಮಾರಿದರೆ ಅದು ಸಾಮಾನ್ಯ 'ಎ' ವರ್ಗ. ದೊಡ್ಡ ಮ್ಯಾಗಜಿನ್ನನ್ನು ಬೇರೆಯಾಗಿ ಅಂಗಡಿಯಿಂದ ಕೊಳ್ಳಬಹುದು. ಎರಡನ್ನೂ ಜೋಡಿಸುವುದು ಅಪರಾಧ, ನಿಜ; ಜೋಡಿಸುವವನನ್ನು ಮೊದಲೇ ತಡೆಯುವ ದಾರಿ ಮಾತ್ರ ಇರಲಿಲ್ಲ.

ಈ ಕಿಂಡಿ ಕೋವಿ ಇದ್ದವರಿಗೆಲ್ಲ ಗೊತ್ತಿತ್ತು. 1997ರಲ್ಲಿ ಸರ್ ಥಾಮಸ್ ಥೋರ್ಪ್ ಅವರ ವರದಿ ಕೋವಿಗಳ ನೋಂದಣಿ ಮತ್ತೆ ಬರಲಿ ಎಂದು ಶಿಫಾರಸು ಮಾಡಿತ್ತು. ಆಗಲಿಲ್ಲ. 2017ರಲ್ಲಿ ಸಂಸದೀಯ ಸಮಿತಿ 20 ಶಿಫಾರಸು ಕೊಟ್ಟಿತು. ಕೋವಿದಾರರ ಸಂಘಟನೆಗಳು ಸಿಡಿದೆದ್ದವು. ಸರ್ಕಾರ ಬಹುಪಾಲನ್ನು ಬದಿಗಿಟ್ಟಿತು. ಕಿಂಡಿ ಮುಚ್ಚಿದರೆ ನಾಳೆ ಬಾಗಿಲನ್ನೂ ಮುಚ್ಚುತ್ತಾರೆ ಎಂಬ ಭಯ ಅವರದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಕಿಂಡಿಯಿಂದಲೇ ಕೊಲೆಗಾರ ಒಳಗೆ ಬಂದ. 'ಎ' ವರ್ಗದ ಪರವಾನಗಿ, ಕಾನೂನುಬದ್ಧವಾಗಿ ಕೊಂಡ ಕೋವಿ, ಬೇರೆಯಾಗಿ ಕೊಂಡ ದೊಡ್ಡ ಮ್ಯಾಗಜಿನ್.

ಈಗ ನನ್ನ ಎಂಟು ಹತ್ತು ಸೆಕೆಂಡಿಗೆ ಬನ್ನಿ. ಅರೆ ಸ್ವಯಂಚಾಲಿತ ಕೋವಿಯಲ್ಲಿ ಚಿಪ್ಪು ತೆಗೆಯುವ, ಹೊಸ ತೋಟಾ ತುಂಬುವ ಕೆಲಸವನ್ನು ಸಿಡಿದ ಗುಂಡಿನ ಶಕ್ತಿಯೇ ಮಾಡಿ ಮುಗಿಸುತ್ತದೆ. ಬೆರಳು ಎಷ್ಟು ಬೇಗ ಆಡುತ್ತದೆಯೋ ಅಷ್ಟು ಬೇಗ ಇನ್ನೊಂದು ಈಡು. ಮ್ಯಾಗಜಿನ್ ಬರಿದಾಗುವವರೆಗೆ ನಿಲ್ಲಬೇಕಾಗಿಲ್ಲ. ನನ್ನ ಕೋವಿಯಲ್ಲಿ ಎರಡು ಈಡುಗಳ ನಡುವೆ ಒಬ್ಬ ಮನುಷ್ಯ ಎದ್ದು ಬಾಗಿಲಿಗೆ ಓಡಬಹುದು. ಇನ್ನೊಬ್ಬ ಮನುಷ್ಯ ಬಂದು ನನ್ನ ಕೈ ಹಿಡಿಯಬಹುದು. ಆ ಕೋವಿಯಲ್ಲಿ ಅಂಥ ಬಿಡುವು ಇಲ್ಲ.

ಆ ವರ್ಷ ಜೂನ್‌ನಲ್ಲಿ ನಾನು ಅಲ್ಲಿದ್ದೆ. ನನ್ನ ತಂಗಿಯ ಸಂಸಾರ ಹ್ಯಾಮಿಲ್ಟನ್ ಹತ್ತಿರ ಇದೆ. ಅವಳ ಪಕ್ಕದ ಹೈನು ಫಾರಂನ ಯಜಮಾನರು ನನಗೂ ಕೋವಿ ಇದೆ ಎಂದು ಕೇಳಿ ಒಂದು ಸಂಜೆ ಚಹಾಕ್ಕೆ ಕರೆದರು. ಹೊರಗೆ ಚಳಿ, ಮಳೆ. ಬಾಗಿಲಲ್ಲಿ ಕೆಸರು ಮೆತ್ತಿದ ಗಮ್‌ಬೂಟುಗಳ ಸಾಲು. ನಿಷೇಧಿತ ಕೋವಿ ಒಪ್ಪಿಸಿದವರಿಗೆ ಯಾವುದಕ್ಕೆ ಎಷ್ಟು ಪರಿಹಾರ ಎಂಬ ಪಟ್ಟಿಯನ್ನು ಸರ್ಕಾರ ಆಗತಾನೆ ಪ್ರಕಟಿಸಿತ್ತು. ಅದು ಅವರ ಅಡುಗೆಮನೆಯ ಮೇಜಿನ ಮೇಲೆ ಇತ್ತು. ಹೊಸದರಂತಿದ್ದರೆ ಮೂಲ ಬೆಲೆಯ ನೂರಕ್ಕೆ 95, ಬಳಸಿದ್ದಾದರೆ 70, ಕೆಟ್ಟ ಸ್ಥಿತಿಯಲ್ಲಿದ್ದರೆ 25. ಯಜಮಾನರು ತಮ್ಮ ಕೋವಿಯ ಹೆಸರಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಪಕ್ಕದಲ್ಲಿ 70 ಎಂದು ಬರೆದಿದ್ದರು. ತಮ್ಮ ಕೋವಿಯ ಸ್ಥಿತಿಯನ್ನು ಅವರು ಪ್ರಾಮಾಣಿಕವಾಗಿಯೇ ಅಳೆದಿದ್ದರು.

ಅವರ ಮಾತು ಸರಳವಾಗಿತ್ತು. ಮೊಲಕ್ಕೆ ಇದು ಬೇಕಾಗಿರಲಿಲ್ಲ. ಒಳ್ಳೆಯದು ಎನ್ನಿಸಿತ್ತು, ಕೊಂಡೆ. ಈಗ ಆ ಕಪಾಟು ತೆರೆದಾಗಲೆಲ್ಲ ಮಸೀದಿ ಕಣ್ಣ ಮುಂದೆ ಬರುತ್ತದೆ. ಕೊಟ್ಟುಬಿಡುತ್ತೇನೆ.

ಅವರ ಮಗ ಮಾತ್ರ ಒಪ್ಪಲಿಲ್ಲ. ಅವನು ಗುರಿ ಸ್ಪರ್ಧೆಗಳಿಗೆ ಹೋಗುವವನು, 'ಇ' ವರ್ಗದ ಅನುಮತಿ ಇದ್ದವನು. ಅವನ ಮಾತನ್ನೂ ನಿಮಗೆ ಪೂರ್ತಿಯಾಗಿ ಹೇಳಬೇಕು, ಏಕೆಂದರೆ ಆ ಮೇಜಿನ ಸುತ್ತ ಹೆಚ್ಚು ನೋವಿನಿಂದ ಮಾತನಾಡಿದವನು ಅವನೇ. ನನ್ನನ್ನು ಪೊಲೀಸರು ಎರಡು ಸಲ ಮನೆಗೆ ಬಂದು ವಿಚಾರಿಸಿದರು, ನನ್ನ ಉಕ್ಕಿನ ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಿದರು, ನನ್ನ ಹೆಂಡತಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ ನಿನಗೆ ಇವನ ಭಯವಿದೆಯೇ ಎಂದು ಕೇಳಿದರು, ಎಲ್ಲಕ್ಕೂ ಒಪ್ಪಿದೆ. ಆ ಕೊಲೆಗಾರನನ್ನು ಯಾರು ಹೀಗೆ ಕೇಳಿದರು? ಕೇಳದೆ ಕೊಟ್ಟವರ ತಪ್ಪಿಗೆ ನಾನೇಕೆ ಕೋವಿ ಒಪ್ಪಿಸಬೇಕು?

ತಂದೆ ಉತ್ತರ ಕೊಡಲಿಲ್ಲ. ನನ್ನ ಬಳಿಯೂ ಉತ್ತರ ಇರಲಿಲ್ಲ.

ಅಂಥ ಮಾತು ದೇಶದ ಎಲ್ಲ ಕಡೆ ನಡೆದಿತ್ತು. ರೈತರ ದೊಡ್ಡ ಸಂಘಟನೆ ಫೆಡರೇಟೆಡ್ ಫಾರ್ಮರ್ಸ್ ಒಂದು ವಾರ ತನ್ನೊಳಗೆ ತೀವ್ರ ಚರ್ಚೆ ನಡೆಸಿ, ನಮ್ಮ ಕೆಲವು ಸದಸ್ಯರಿಗೆ ಇದು ಹಿಡಿಸದು, ಆದರೂ ಕಾರ್ಯಸಾಧ್ಯವಾದ ಪರಿಹಾರ ಇದೊಂದೇ ಎಂದು ಹೇಳಿ ನಿಷೇಧವನ್ನು ಬೆಂಬಲಿಸಿತು. ತನ್ನದೇ ಸದಸ್ಯರು ಮುನಿಸಿಕೊಳ್ಳುತ್ತಾರೆ ಎಂದು ಗೊತ್ತಿದ್ದೂ ಅದನ್ನು ಬಾಯಿಬಿಟ್ಟು ಹೇಳಿದ ಆ ಸಂಘದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಪರವಾನಗಿದಾರರ ಮಂಡಳಿ ಅವಸರವನ್ನು ವಿರೋಧಿಸಿತು. ಮಸೂದೆ ಮಂಡನೆಯಾಗಿ ಹತ್ತು ದಿನಕ್ಕೆ ಕಾನೂನಾದರೆ ಜನ ಯಾವಾಗ ಅಭಿಪ್ರಾಯ ಹೇಳಬೇಕು ಎಂದು ಕೇಳಿತು. ನ್ಯಾಯವಾದ ಪ್ರಶ್ನೆ. ಕಾನೂನು ಬರುವ ಮೊದಲೇ ಕೆಲವರು ತಾವಾಗಿ ಠಾಣೆಗೆ ಹೋಗಿ ಕೋವಿ ಒಪ್ಪಿಸಿದ್ದರು. ರೈತರು, ಬೇಟೆಗಾರರು ಹೇಳಿದ ವ್ಯಾವಹಾರಿಕ ಮಾತಿಗೂ ಬೆಲೆ ಸಿಕ್ಕಿತು: ಹತ್ತು ಗುಂಡಿನವರೆಗಿನ ಪಾಯಿಂಟ್ ಇಪ್ಪತ್ತೆರಡು ರೈಫಲ್, ಐದು ತೋಟಾದವರೆಗಿನ ಷಾಟ್‌ಗನ್ ಉಳಿದವು. ಮೊಲಕ್ಕೆ ಅದು ಸಾಕು, ಬಾತುಕೋಳಿಗೆ ಇದು ಸಾಕು.

ಜುಲೈ 13ರಂದು ಕ್ರೈಸ್ಟ್‌ಚರ್ಚಿನ ರಿಕಾರ್ಟನ್ ಕುದುರೆ ಓಟದ ಮೈದಾನದಲ್ಲಿ ಮೊದಲ ಮರುಖರೀದಿ ನಡೆಯಿತು. ಡಿಸೆಂಬರ್ 20ಕ್ಕೆ ಮುಗಿಯುವ ಹೊತ್ತಿಗೆ ಸುಮಾರು 56,000 ಕೋವಿಗಳು ಬಂದಿದ್ದವು. ಆದರೆ ಒಟ್ಟು ಎಷ್ಟಿದ್ದವು? 1983ರಲ್ಲಿ ಎಣಿಕೆ ಬಿಟ್ಟುಬಿಟ್ಟ ದೇಶಕ್ಕೆ ಅದು ಹೇಗೆ ಗೊತ್ತಾಗಬೇಕು? ಉಳಿದದ್ದು ಎಷ್ಟೆಂದು ಅಂದಾಜಿನ ಮೇಲೆ ಅಂದಾಜು ಮಾತ್ರ. ಇದರ ನಡುವೆ ಇನ್ನೊಂದು ಅನಾಹುತವೂ ಆಯಿತು. ಕೋವಿ ಒಪ್ಪಿಸುವವರು ತಮ್ಮ ವಿವರ ತುಂಬಿದ್ದ ಸರ್ಕಾರಿ ಜಾಲತಾಣದ ಮಾಹಿತಿ ಆ ಡಿಸೆಂಬರಿನಲ್ಲಿ ನೋಡಬಾರದವರ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಕೋವಿ ಇದೆ ಎಂಬ ಪಟ್ಟಿ ಕಳ್ಳರ ಕೈಗೆ ಸಿಕ್ಕರೆ ಏನು ಗತಿ ಎಂದು ಕೇಳಿದವರನ್ನು ಹಟಮಾರಿಗಳೆಂದು ತಳ್ಳಿಹಾಕಿದ್ದವರು ಅಂದು ತಲೆ ತಗ್ಗಿಸಬೇಕಾಯಿತು. ಕೋವಿದಾರರ ಎಲ್ಲ ಅನುಮಾನವೂ ನೆಪವಲ್ಲ.

ಆ ಹುಡುಗ ಕೇಳಿದ ಪ್ರಶ್ನೆಗೆ ಒಂದೂವರೆ ವರ್ಷದ ಮೇಲೆ, 2020ರ ಡಿಸೆಂಬರ್‌ನಲ್ಲಿ, ಉತ್ತರ ಸಿಕ್ಕಿತು. ಮಸೀದಿಗಳ ಮೇಲಿನ ದಾಳಿಯ ವಿಚಾರಣೆಗೆ ನೇಮಿಸಿದ್ದ ರಾಯಲ್ ಕಮಿಷನ್ ವರದಿ ಪ್ರಕಟವಾಯಿತು. ಅದರಲ್ಲಿ ಪರವಾನಗಿ ಕೊಟ್ಟ ಬಗೆಯನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಕೊಲೆಗಾರ ಆಸ್ಟ್ರೇಲಿಯಾದವನು. 2017ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿಗೆ ಬಂದ. ನವೆಂಬರ್‌ನಲ್ಲಿ ಪರವಾನಗಿ ಕೈಯಲ್ಲಿತ್ತು. ಅಲ್ಲಿನ ಪದ್ಧತಿಯಂತೆ ಇಬ್ಬರು ಸಾಕ್ಷಿಗಳು ಬೇಕು. ಒಬ್ಬರು ಅವನನ್ನು ಹತ್ತಿರದಿಂದ ಬಲ್ಲ ಮನೆಯವರು, ಇನ್ನೊಬ್ಬರು ಹೊರಗಿನವರು. ಅವನ ಮನೆಯವರು ಬೇರೆ ದೇಶದಲ್ಲಿದ್ದಾರೆ ಎಂಬ ಕಾರಣಕ್ಕೆ ಆ ಜಾಗಕ್ಕೆ ಬೇರೊಬ್ಬನನ್ನು ಒಪ್ಪಿದರು. ಯಾರು ಅವನು? ಆನ್‌ಲೈನ್ ಆಟದಲ್ಲಿ ಪರಿಚಯವಾದ ಗೆಳೆಯ. ಎರಡನೆಯ ಸಾಕ್ಷಿ ಆ ಗೆಳೆಯನ ಹೆತ್ತವರಲ್ಲಿ ಒಬ್ಬರು. ವರ್ಷಗಟ್ಟಲೆ ಪರದೆಯ ಮೇಲೆ ಮಾತಾಡಿದ್ದರು. ಮುಖ ನೋಡಿ ಒಟ್ಟಿಗೆ ಕಳೆದ ದಿನಗಳು ಕೆಲವೇ. ಅವನು ಹೇಗೆ ಬದುಕುತ್ತಾನೆ, ರಾತ್ರಿ ಏನು ಓದುತ್ತಾನೆ, ಯಾರನ್ನು ದ್ವೇಷಿಸುತ್ತಾನೆ ಎಂಬುದನ್ನು ಕಣ್ಣಾರೆ ಕಂಡವರು ಆ ಇಬ್ಬರಲ್ಲಿ ಒಬ್ಬರೂ ಇರಲಿಲ್ಲ.

ಅದನ್ನು ಓದಿದ ದಿನ ನಾನು ನಮ್ಮ ಮನೆಯ ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಮನುಷ್ಯನನ್ನು ಪರೀಕ್ಷಿಸೋಣ, ಕೋವಿಯನ್ನು ಎಣಿಸುವುದು ಬೇಡ ಎಂದ ದೇಶ, ಆ ಮನುಷ್ಯನನ್ನೇ ಸರಿಯಾಗಿ ಪರೀಕ್ಷಿಸಿರಲಿಲ್ಲ.

ನನ್ನ ಪರವಾನಗಿಯ ಕಥೆ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದೆ. ಸ್ಥಳ ವಿಚಾರಣೆಗೆ ಬಂದ ಪೊಲೀಸರು ನನ್ನ ಮನೆಯಲ್ಲಿ ಕಾಫಿ ಕುಡಿದು, ಕೆಳಗಿನ ಮನೆಗೆ ಹೋದರು. ಆ ಮನೆಯವರಿಗೂ ನಮಗೂ ನೀರಿನ ಕಾಲುವೆಯ ವಿಷಯದಲ್ಲಿ ಅಪ್ಪನ ಕಾಲದಿಂದ ವ್ಯಾಜ್ಯ. ನನ್ನ ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಏನು ಹೇಳಿದರೆಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅವನು ಮುಂಗೋಪಿ, ನೀರು ಬಿಡುವುದಿಲ್ಲ, ಆದರೆ ಕುಡಿಯುವುದಿಲ್ಲ, ಹೆಂಡತಿ ಮಕ್ಕಳ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ, ಕೋವಿ ಕೊಡಬಹುದು ಎಂದಿದ್ದರಂತೆ. ನನ್ನ ಗೆಳೆಯರು ಬರೆದುಕೊಟ್ಟ ಹತ್ತು ಪತ್ರಗಳಿಗಿಂತ ಆ ಮಾತಿಗೆ ತೂಕ ಹೆಚ್ಚು, ಏಕೆಂದರೆ ನಮ್ಮ ಮನೆಯ ಜಗಳ ಅವರ ಅಂಗಳಕ್ಕೆ ಕೇಳಿಸುತ್ತದೆ.

ಕೊಡಗಿನವರು ಇಲ್ಲಿ ಕೆಲವರಿದ್ದೀರಿ. ನಿಮ್ಮಲ್ಲಿ ಸೆಪ್ಟೆಂಬರ್ ಮೂರರ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಎಂಬ ಕೋವಿ ಹೂವನ್ನು ಮುಡಿಸಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಇಟ್ಟು ಪೂಜಿಸುವುದನ್ನು ನಾನು ನೋಡಿದ್ದೇನೆ. ಗಂಡು ಮಗು ಹುಟ್ಟಿದಾಗ ಒಂದು ಈಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಅಂದರೆ ಯಾರ ಮನೆಯಲ್ಲಿ ಕೋವಿ ಇದೆ ಎಂಬುದು ಊರಿಗೆ ಗುಟ್ಟಲ್ಲ, ಅದು ಯಾವಾಗ ಸದ್ದು ಮಾಡಬೇಕು ಎಂಬುದೂ ಗುಟ್ಟಲ್ಲ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ನಿಮಗೆ 1861ರಿಂದ ನಡೆದು ಬಂದ ವಿನಾಯಿತಿಯನ್ನು ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಈಗಿನ ಅಧಿಸೂಚನೆ 2029ರವರೆಗೆ ಇದೆ. ಆ ವಿನಾಯಿತಿಯನ್ನು ಹೊತ್ತು ನಿಂತಿರುವುದು ಒಕ್ಕದ, ಅಂದರೆ ಇಡೀ ಮನೆತನದ, ಕಣ್ಣು ಎಂದು ನಾನು ನಂಬಿದ್ದೇನೆ. ಒಕ್ಕ ಚದುರಿ, ಮನೆಗೆ ಬೀಗ ಬಿದ್ದು, ಕೋವಿ ಮಾತ್ರ ಉಳಿದ ಕಡೆ ಆ ಕಣ್ಣು ಎಲ್ಲಿದೆ? ಇದನ್ನು ನೀವೇ ನಿಮ್ಮೊಳಗೆ ಮಾತಾಡಬೇಕು, ನಾನು ಹೊರಗಿನವನು.

ಒಳ್ಳೆಯ ಸಾಕ್ಷಿ ಇದ್ದರೆ ಸಾಕು, ನಿಷೇಧ ಬೇಡವಾಗಿತ್ತು ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಎಂಥ ಸಾಕ್ಷಿಯೂ ತಪ್ಪಬಹುದು. ಇಪ್ಪತ್ತು ವರ್ಷ ನೋಡಿದ ನೆರೆಯವನ ತಲೆಯೊಳಗೆ ಏನಿದೆ ಎಂದು ಯಾರು ಬಲ್ಲರು? ಸಾಕ್ಷಿ ತಪ್ಪಿದ ದಿನ ಒಬ್ಬ ಸಾಯುತ್ತಾನೋ ಐವತ್ತು ಜನ ಸಾಯುತ್ತಾರೋ ಎಂಬುದು ಅವನ ಕೈಯಲ್ಲಿರುವ ಕೋವಿಯ ಮೇಲೆ ನಿಂತಿದೆ. ಆ ಫಾರಂನ ತಂದೆ ಇದನ್ನು ಒಂದು ಪೆನ್ಸಿಲ್ ಗೆರೆಯಲ್ಲಿ ಒಪ್ಪಿಕೊಂಡಿದ್ದರು. ಮಗನ ಸಿಟ್ಟು ನ್ಯಾಯವಾದದ್ದು, ತಂದೆಯ ತೀರ್ಮಾನ ಸರಿಯಾದದ್ದು. ಎರಡನ್ನೂ ನಾನು ಒಟ್ಟಿಗೇ ಹಿಡಿದುಕೊಂಡಿದ್ದೇನೆ.

ನ್ಯೂಜಿಲೆಂಡಿನಲ್ಲಿ ವಾದ ನಿಂತಿಲ್ಲ. 2020ರ ಎರಡನೇ ಕಾನೂನು ಶಸ್ತ್ರ ಹೊಂದುವುದು ಹಕ್ಕಲ್ಲ, ವಿಶೇಷ ಅವಕಾಶ ಎಂದು ಬರೆಯಿತು, ನೋಂದಣಿಯನ್ನು ಮರಳಿ ತಂದಿತು. ಈ ಸಲ ವಿರೋಧ ಪಕ್ಷ ಜೊತೆಗಿರಲಿಲ್ಲ. 2023ರ ಜೂನ್‌ನಲ್ಲಿ ನೋಂದಣಿ ಶುರುವಾಯಿತು. ಅದೇ ವರ್ಷ ಸರ್ಕಾರ ಬದಲಾಗಿ, ಹಿಂದೆ ಪರವಾನಗಿದಾರರ ಮಂಡಳಿಯ ವಕ್ತಾರೆಯಾಗಿದ್ದ ನಿಕೋಲ್ ಮೆಕ್‌ಕೀ ಅವರಿಗೇ ಕೋವಿ ಕಾನೂನಿನ ಹೊಣೆ ಬಂತು.

ನಮ್ಮಲ್ಲಿ 2019ರಲ್ಲಿ ಶಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದಾಗ ನಾವೇನು ಚರ್ಚೆ ಮಾಡಿದೆವು? ಒಬ್ಬರಿಗೆ ಮೂರು ಕೋವಿ ಇದ್ದದ್ದು ಎರಡಾಯಿತು. ಮಸೂದೆಯಲ್ಲಿ ಮೊದಲು ಒಂದೇ ಎಂದಿತ್ತು, ಆಕ್ಷೇಪದ ಮೇಲೆ ಎರಡು ಮಾಡಿದರು. ಅಜ್ಜನ ಮೂರನೇ ಕೋವಿಯನ್ನು ಎಲ್ಲಿಡಬೇಕು ಎಂಬುದಷ್ಟೇ ನಮ್ಮ ಸಭೆಗಳ ಮಾತಾಯಿತು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕೆಂದು ಗೊಣಗುತ್ತೇವೆ. ಆನೆ, ಹಂದಿ ಚುನಾವಣೆ ನೋಡಿ ಬರುವುದಿಲ್ಲವಾದ್ದರಿಂದ ಆ ಗೊಣಗಾಟದಲ್ಲಿ ನ್ಯಾಯವಿದೆ. ಆದರೆ ಪರವಾನಗಿಯ ಅವಧಿ ಅದೇ ತಿದ್ದುಪಡಿಯಲ್ಲಿ ಮೂರು ವರ್ಷದಿಂದ ಐದಾಯಿತು. ಐದು ವರ್ಷದಲ್ಲಿ ಒಬ್ಬ ಮನುಷ್ಯ ಎಷ್ಟು ಬದಲಾಗಬಹುದು, ಸಾಲ, ಕುಡಿತ, ಸಾವು ಅವನನ್ನು ಎಲ್ಲಿಗೆ ಒಯ್ಯಬಹುದು ಎಂದು ನಮ್ಮ ಯಾವ ಸಭೆಯಲ್ಲೂ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ.

ಹೋದ ಮಳೆಗಾಲದಲ್ಲಿ ಕೆಳಗಿನ ಮನೆಯ ಮಗ ಹೊಸ ಪರವಾನಗಿಗೆ ಅರ್ಜಿ ಹಾಕಿದ. ಅವನ ತಂದೆಯೇ ಅಂದು ನನ್ನ ಪರವಾಗಿ ಮಾತಾಡಿದವರು, ಈಗ ಇಲ್ಲ. ವಿಚಾರಣೆಗೆ ಬಂದವರು ಈ ಸಲ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದರು. ಹುಡುಗ ಒಳ್ಳೆಯವನು. ಕಾಡುಹಂದಿ ಅವನ ಗದ್ದೆಯನ್ನು ಎರಡು ವರ್ಷ ಉಂಡಿದೆ, ಕೋವಿಯ ಅಗತ್ಯ ಅವನಿಗೆ ನಿಜವಾಗಿಯೂ ಇದೆ. ಆದರೆ ತಂದೆ ಹೋದ ಮೇಲೆ ಅವನು ಕುಡಿಯುತ್ತಾನೆ. ರಾತ್ರಿ ಆ ಮನೆಯಿಂದ ಬರುವ ಸದ್ದು ನನ್ನ ಅಂಗಳಕ್ಕೆ ಕೇಳಿಸುತ್ತದೆ. ನಾನು ಕೇಳಿಸಿದ್ದನ್ನು ಹೇಳಿದೆ. ಈಗ ಬೇಡ, ಒಂದು ವರ್ಷ ನೋಡಿ ಎಂದೆ. ಮರುದಿನ ಬೆಳಿಗ್ಗೆ ನಾನೇ ಇಳಿದು ಹೋಗಿ, ಹೀಗೆ ಹೇಳಿದ್ದೇನೆ ಎಂದು ಅವನಿಗೂ ತಿಳಿಸಿದೆ. ಅವನು ನನ್ನನ್ನು ಕೂರಲು ಹೇಳಲಿಲ್ಲ. ಅಂದಿನಿಂದ ಮಾತಿಲ್ಲ. ರಾತ್ರಿ ಹಂದಿ ಬಂದ ಸದ್ದಾದಾಗ ನಾನು ಕೋವಿ ಹಿಡಿದು ಅವನ ಗದ್ದೆಯ ಬದುವಿಗೂ ಹೋಗಿ ಒಂದು ಈಡು ಗಾಳಿಯಲ್ಲಿ ಹಾರಿಸಿ ಬರುತ್ತೇನೆ. ಒಂದೊಂದು ರಾತ್ರಿ ಅವನ ಜಗಲಿಯ ದೀಪ ಹೊತ್ತಿಕೊಳ್ಳುತ್ತದೆ, ನಾನು ಮನೆಯ ಮೆಟ್ಟಿಲು ಹತ್ತುವವರೆಗೂ ಉರಿಯುತ್ತಿರುತ್ತದೆ.